ರೇಡಿಯೊದಾಗ ಮಾತಾಡಬೇಕೆಂದಿದ್ದ ನಾವು, ಅಲನ್ ಫ್ರೀಡ್ ಮತ್ತು ಒಂದು ಕವರ್

ಹನುಮಸಾಗರ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ನಿಂತಿದ್ದೆವು. ಹಿಂದಿನಿಂದ ಯಾರೋ ಭುಜ ಮುಟ್ಟಿದರು. ತಿರುಗಿ ನೋಡಿದರೆ ಐವತ್ತು ದಾಟಿದ ರೈತರೊಬ್ಬರು. ಅಂಗಿ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಅದರೊಳಗೆ ನಾಲ್ಕು ಮಡಿಕೆ ಮಾಡಿದ ಪೇಪರ್ ತುಣುಕು.

‘ಇದು ನೀವ ಬರದದ್ದಲ್ರಿ ಸರ?’

ನಮ್ಮದೇ. ಸ್ಟ್ರಿಂಗರ್ ಬರೆದದ್ದಕ್ಕೆ ಹೆಸರು ಹಾಕುವುದಿಲ್ಲ, ಆದರೆ ಹೋಬಳಿಯಲ್ಲಿ ಯಾವ ಪೇಪರಿಗೆ ಯಾರು ಬರೆಯುತ್ತಾರೆ ಎಂಬುದು ಕಟಿಂಗ್ ಅಂಗಡಿಯವನಿಗೂ ಗೊತ್ತಿರುತ್ತದೆ. ಸೂರ್ಯಕಾಂತಿಯ ಹೊಸ ತಳಿ ಭರ್ಜರಿ ಇಳುವರಿ ಕೊಟ್ಟಿದೆ ಎಂಬ ಸುದ್ದಿ. ಜೊತೆಗೆ ಹೊಲದಲ್ಲಿ ನಿಂತು ನಗುತ್ತಿರುವ ಜನರ ಫೋಟೊ.

‘ಇದನ್ನ ನೋಡೇ ಬೀಜ ತಂದ್ನಿ. ನಾಕ್ ಎಕರೆ ಬಿತ್ತಿದ್ನಿ. ಹೂವೇನೋ ತಾಟಿನಷ್ಟು ಅರಳಿದ್ವು. ಒಳಗ ಬರೀ ಜೊಳ್ಳು ನೋಡ್ರಿ.’

ನಾವು ಏನೋ ಹೇಳಲು ಹೋದೆವು. ಮಳೆ ಸರಿಯಾಗಿ ಆಗಿರಲಿಲ್ಲ, ಎಲ್ಲ ಕಡೆಯೂ ಹಾಗೇ ಆಗಿದೆ ಎಂದೆಲ್ಲ. ಅವರು ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ‘ಇರ್ಲಿ ಬಿಡ್ರಿ, ನಮ್ಮ ದೈವ’ ಎಂದು ತುಣುಕನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಹೋಗುವಾಗ ನಮ್ಮ ಚಹಾದ ದುಡ್ಡನ್ನೂ ಕೊಟ್ಟು ಹೋದರು.

ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಆ ಸುದ್ದಿ ಬರೆದ ದಿನ, ಕ್ಷೇತ್ರೋತ್ಸವ ಮುಗಿಸಿ ಬೈಕ್ ಹತ್ತುವಾಗ, ನಮ್ಮ ಕೈಗೆ ಒಂದು ಬಿಳಿ ಕವರ್ ಬಂದಿತ್ತು. ಅದರಲ್ಲಿ 500 ರೂಪಾಯಿ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಟ್ಟದ ಮೇಲಿನ ಟ್ರಂಕ್ ಇಳಿಸಿ ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗಿನ ನೋಟ್‌ಬುಕ್ ಹುಡುಕಿದೆವು. ಅದರಲ್ಲಿ ಒಂದು ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ‘ಅಲನ್ ಫ್ರೀಡ್, ಡಿಸ್ಕ್ ಜಾಕಿ’ ಎಂದು ಬರೆದುಕೊಂಡಿದ್ದೆವು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ. ಅವತ್ತು ಬಾಯಿಪಾಠ ಮಾಡಿ ಮರೆತ ಆ ಮನುಷ್ಯನ ಕತೆಯನ್ನು ಇಷ್ಟು ವರ್ಷದ ಮೇಲೆ ಪೂರ್ತಿ ಓದಿದೆವು. ಅದನ್ನು ನಿಮಗೆ ಹೇಳಬೇಕು. ಆದರೆ ಅಮೆರಿಕದ ರಾಕ್ ಹಾಡಿನ ಜಾಕಿಗೂ ಹನುಮಸಾಗರಕ್ಕೂ ಏನು ಸಂಬಂಧ ಅಂತೀರಿ. ಅದಕ್ಕೆ ಮೊದಲು ನಮ್ಮ ಕಾಕಾನ ಮಗ್ಗದಿಂದ ಶುರು ಮಾಡುತ್ತೇವೆ.

ಕಾಕಾ ನೇಕಾರ. ಇಳಕಲ್ ಹತ್ತಿರವಾದ್ದರಿಂದ ನಮ್ಮ ಸುತ್ತಿನ ಊರುಗಳಲ್ಲೂ ಸೀರೆ ನೇಯುವವರಿದ್ದಾರೆ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತರೆ ಕಾಕಾ ಏಳುತ್ತಿದ್ದುದು ಊಟಕ್ಕೆ ಮಾತ್ರ. ಕೈಗೆ ಲಾಳಿ, ಕಾಲಿಗೆ ಹಲಗೆ, ಕಣ್ಣಿಗೆ ನೂಲು. ಖಾಲಿ ಇರುವುದು ಕಿವಿ ಒಂದೇ. ಅದಕ್ಕೆ ಗೋಡೆಯ ಮೊಳೆಗೆ ರೇಡಿಯೊ. ಹಗಲು ಧಾರವಾಡ ಆಕಾಶವಾಣಿ. ಬುಧವಾರ ರಾತ್ರಿ ಮಾತ್ರ ಮುಳ್ಳು ತಿರುಗಿ ಶಾರ್ಟ್‌ವೇವ್‌ಗೆ ಹೋಗುತ್ತಿತ್ತು. ಕರಕರ ಸದ್ದಿನೊಳಗಿಂದ, ಸಮುದ್ರದಾಚೆಯ ರೇಡಿಯೊ ಸಿಲೋನಿನಿಂದ, ಅಮೀನ್ ಸಯಾನಿಯ ದನಿ ಬರುತ್ತಿತ್ತು. ಇದು ನಾವು ಹುಟ್ಟುವುದಕ್ಕೆ ಮುಂಚಿನ ಮಾತು. ಆದರೆ ಕಾಕಾ ಅದನ್ನು ಎಷ್ಟು ಸಲ ಹೇಳಿದ್ದಾರೆಂದರೆ ನಾವೇ ಕೇಳಿದಂತಾಗಿಬಿಟ್ಟಿದೆ.

ಸಿಲೋನಿನಿಂದ ಹಿಂದಿ ಹಾಡು ಬರುವುದಕ್ಕೆ ಒಂದು ಕಾರಣವಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಸಿನಿಮಾ ಹಾಡು ಜನರ ರುಚಿ ಕೆಡಿಸುತ್ತದೆ ಎಂಬುದು ಅವರ ನಂಬಿಕೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದರೆ ಜನ ಕಿಟಕಿ ಹುಡುಕುತ್ತಾರೆ, ಸಿಕ್ಕ ಕಿಟಕಿ ಕೊಲಂಬೊದ್ದು. ಅದೇ ವರ್ಷ ಡಿಸೆಂಬರ್ 3ರಂದು ರೇಡಿಯೊ ಸಿಲೋನಿನಲ್ಲಿ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಬಿನಾಕಾ ಅಂದರೆ ಹಲ್ಲುಜ್ಜುವ ಪೇಸ್ಟ್. ಸಯಾನಿ ಮುಂಬೈಯಲ್ಲೇ ಕುಳಿತು ಮಾತು ರೆಕಾರ್ಡ್ ಮಾಡುತ್ತಿದ್ದರು, ಟೇಪು ವಿಮಾನದಲ್ಲಿ ಕೊಲಂಬೊಕ್ಕೆ ಹೋಗಿ ಅಲ್ಲಿಂದ ಆಕಾಶಮಾರ್ಗವಾಗಿ ಮತ್ತೆ ನಮ್ಮ ದೇಶಕ್ಕೇ ಬರುತ್ತಿತ್ತು. ಆಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಒಂದು ವಾರದ ಕೆಲಸಕ್ಕೆ 25 ರೂಪಾಯಿ. ಮೊದಲ ಕಾರ್ಯಕ್ರಮಕ್ಕೇ 9 ಸಾವಿರ ಪತ್ರ ಬಂದವಂತೆ. ಒಬ್ಬನೇ ಮನುಷ್ಯ, ಒಂದು ಮೈಕು, 9 ಸಾವಿರ ಪತ್ರ.

ಕಾಕಾನಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ‘ಆ ಮನಿಷಾ ಹೇಳೂದು ತಿಳೀತಿತ್ತು ನೋಡ ತಮ್ಮಾ’ ಅನ್ನುತ್ತಾರೆ. ಇದಕ್ಕೂ ಕಾರಣ ಇದೆ. ಸಯಾನಿಯ ತಾಯಿ ಕುಲ್ಸುಂ ಸಯಾನಿ ಗಾಂಧೀಜಿಯ ಹಾದಿಯವರು. ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ರಹಬರ್’ ಎಂಬ ಪತ್ರಿಕೆ ನಡೆಸುತ್ತಿದ್ದರು. ಭಾಷೆ ಒಂದೇ, ಸರಳ ಹಿಂದೂಸ್ತಾನಿ. ಲಿಪಿ ಮಾತ್ರ ಮೂರು, ನಾಗರಿ, ಉರ್ದು, ಗುಜರಾತಿ. ಮಗ ಅದರ ಕೆಲಸಕ್ಕೆ ಕೈಹಚ್ಚುತ್ತಿದ್ದ. ಓದಲು ಬಾರದವರಿಗೆ ಹೇಗೆ ಹೇಳಬೇಕೆಂಬುದು ಅಲ್ಲಿ ಕಲಿತ ವಿದ್ಯೆ. ಹಾಡಿನ ಸ್ಥಾನಕ್ಕೆ ಅವರು ನಂಬರ್ ಅನ್ನುತ್ತಿರಲಿಲ್ಲ, ‘ಪಾಯ್ದಾನ್’ ಅನ್ನುತ್ತಿದ್ದರು. ಮೆಟ್ಟಿಲು. ಈ ವಾರ ಈ ಹಾಡು ಎರಡು ಮೆಟ್ಟಿಲು ಏರಿತು, ಆ ಹಾಡು ಒಂದು ಮೆಟ್ಟಿಲು ಜಾರಿತು. ಹಾಡಿಗೆ ಕಾಲು ಬಂದಂತೆ. ಯಾವ ಹಾಡು ಯಾವ ಮೆಟ್ಟಿಲು ಎಂಬುದನ್ನು ರೆಕಾರ್ಡ್ ಅಂಗಡಿಗಳ ಮಾರಾಟದ ಜೊತೆಗೆ ಊರೂರಿನ ಶ್ರೋತೃ ಸಂಘಗಳ ಮತವನ್ನೂ ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಈ ಲೆಕ್ಕದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2024ರ ಫೆಬ್ರವರಿ 20ರಂದು ಸಯಾನಿ ತೀರಿಕೊಂಡಾಗ ಕಾಕಾ ಮಗ್ಗ ನಿಲ್ಲಿಸಿ ಹೊರಗೆ ಕಟ್ಟೆಯ ಮೇಲೆ ಕುಳಿತರು. ಮನೆಯವರು ಸತ್ತಂತೆ. ಮುಖ ನೋಡದ ಮನುಷ್ಯನಿಗಾಗಿ.

ಇಂಥ ಮನೆಯಲ್ಲಿ ಬೆಳೆದ ಮೇಲೆ ನಮಗೆ ರೇಡಿಯೊದಲ್ಲಿ ಮಾತಾಡುವ ಹುಚ್ಚು ಹಿಡಿಯದೆ ಇರುತ್ತದೆಯೇ. ನಮ್ಮ ನಾಡಿಗೇ ಆ ಹುಚ್ಚು ಹಳೆಯದು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಸಣ್ಣ ಯಂತ್ರ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು. ಇವತ್ತು ದೇಶದ ರೇಡಿಯೊಗೆಲ್ಲ ಇರುವುದು ಆ ಮನೆಯ ಹೆಸರೇ. ನಾವು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ, 2001ರ ಜುಲೈ 3ರಂದು, ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಬಂತು, ದೇಶದ ಮೊದಲ ಖಾಸಗಿ ಎಫ್‌ಎಂ. ಮುಂದೆ ಬೆಂಗಳೂರಿನಲ್ಲಿ ಇಂಗ್ಲಿಷ್ ಹಾಡಿಗೆಂದೇ 91.9ರಲ್ಲಿ ರೇಡಿಯೊ ಇಂಡಿಗೊ ಕೂಡ ಬಂತು. ‘ಆರ್‌ಜೆ’ ಎಂಬ ಎರಡು ಅಕ್ಷರ ಹೆಸರಿನ ಹಿಂದೆ ಇದ್ದರೆ ಸಾಕು, ಅವರೇ ಹೀರೊ. ನಾವು ಎಮ್ಮೆ ಕಾಯುವಾಗ ಬಾರುಕೋಲನ್ನು ಮೈಕಿನಂತೆ ಹಿಡಿದು ಅಭ್ಯಾಸ ಮಾಡಿದವರು.

ಡಿಪ್ಲೊಮಾ ಮುಗಿಸಿದ ವರ್ಷ ದೊಡ್ಡ ಊರಿನ ಒಂದು ಎಫ್‌ಎಂ ಕೇಂದ್ರಕ್ಕೆ ಧ್ವನಿ ಪರೀಕ್ಷೆಗೆ ಹೋದೆವು. ರಾತ್ರಿ ಬಸ್ಸಿನಲ್ಲಿ ನಿಂತುಕೊಂಡು ಹೋದದ್ದು. ಗಾಜಿನ ಕೋಣೆ, ತಣ್ಣಗಿನ ಎಸಿ. ಏನಾದರೂ ಮಾತಾಡಿ ಅಂದರು. ನಮ್ಮೂರ ಸಂತೆಯ ಬಗ್ಗೆ ಮೂರು ನಿಮಿಷ ಮಾತಾಡಿದೆವು. ಗಾಜಿನಾಚೆ ನಗು. ನಮ್ಮ ಮಾತಿಗೆ ನಗುತ್ತಿದ್ದಾರೆಂದು ನಮಗೂ ಹುರುಪು ಬಂತು. ಹೊರಗೆ ಬಂದ ಮೇಲೆ ಒಬ್ಬರು ಬೆನ್ನು ತಟ್ಟಿ ಹೇಳಿದರು: ‘ಈ ಸ್ಲ್ಯಾಂಗ್ ಕಾಮಿಡಿಗೆ ಸೂಪರ್ ಆಗಿರತ್ತೆ. ಪ್ರೋಗ್ರಾಂ ಮಾಡೋಕೆ ಕನ್ನಡ ಸ್ವಲ್ಪ ಇಂಪ್ರೂವ್ ಮಾಡ್ಕೊಳ್ಳಿ.’

ಕನ್ನಡ! ಹುಟ್ಟಿದಾಗಿನಿಂದ ಆಡಿದ್ದು ಅದೊಂದೇ. ವಾಪಸ್ ಬರುವಾಗ ಗಜೇಂದ್ರಗಡದ ಹತ್ತಿರ ಬೆಳಕು ಹರಿಯಿತು. ಹನುಮಸಾಗರದಲ್ಲಿ ಇಳಿದು ಯಾರ ಜೊತೆಯೂ ಮಾತಾಡದೆ ಮನೆಗೆ ಹೋದೆವು. ಇನ್ನೊಂದು ವಿಷಯವನ್ನೂ ಅವತ್ತೇ ತಿಳಿದುಕೊಂಡಿದ್ದೆವು: ಖಾಸಗಿ ಎಫ್‌ಎಂನಲ್ಲಿ ಸ್ವಂತ ಸುದ್ದಿ ಹೇಳಲು ಸರ್ಕಾರದ ಅನುಮತಿಯೇ ಇಲ್ಲ, ಹಾಕುವುದಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಇದ್ದಂತೆ ಹಾಕಬೇಕು. ಸುದ್ದಿ ಬೇಕೆಂದವನಿಗೆ ಅಲ್ಲಿ ಜಾಗವಿಲ್ಲ, ಜಾಗವಿದ್ದಲ್ಲಿ ನಮ್ಮ ಭಾಷೆಗೆ ಮರ್ಯಾದೆಯಿಲ್ಲ. ಹಾಗಾಗಿ ಪೇಪರಿಗೆ ಸ್ಟ್ರಿಂಗರ್ ಆದೆವು.

ಈಗ ಅಲನ್ ಫ್ರೀಡ್.

1921ರ ಡಿಸೆಂಬರ್ 15ರಂದು ಅಮೆರಿಕದ ಪೆನ್ಸಿಲ್ವೇನಿಯಾದ ವಿಂಡ್‌ಬರ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಹುಟ್ಟಿದವನು. ಬೆಳೆದದ್ದು ಒಹಾಯೊ ರಾಜ್ಯದ ಸೇಲಂ ಎಂಬ ಸಣ್ಣ ಊರಲ್ಲಿ. ಶಾಲೆಯಲ್ಲಿ ಟ್ರೊಂಬೋನ್ ಎಂಬ ಉದ್ದ ಕೊಳವೆಯ ವಾದ್ಯ ಊದುತ್ತಿದ್ದ. ಸಣ್ಣಪುಟ್ಟ ಕೇಂದ್ರಗಳಲ್ಲಿ ದುಡಿದು 1951ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಡಬ್ಲ್ಯುಜೆಡಬ್ಲ್ಯು ಎಂಬ ರೇಡಿಯೊಗೆ ಬಂದ. ಆ ಊರಲ್ಲಿ ಲಿಯೊ ಮಿಂಟ್ಜ್ ಎಂಬವರ ರೆಕಾರ್ಡ್ ಅಂಗಡಿ ಇತ್ತು. ಕರಿಯರ ಹಾಡಿನ ರೆಕಾರ್ಡುಗಳನ್ನು ಬಿಳಿಯ ಹುಡುಗರೂ ಬಂದು ಕೊಳ್ಳುತ್ತಿದ್ದಾರೆಂಬುದನ್ನು ಗಮನಿಸಿದವರು ಈ ಅಂಗಡಿಯವರೇ. ‘ಈ ಹಾಡುಗಳನ್ನೇ ಹಾಕು, ಪ್ರಾಯೋಜಕ ನಾನಾಗುತ್ತೇನೆ’ ಎಂದು ಫ್ರೀಡ್‌ನನ್ನು ಒಪ್ಪಿಸಿದರು.

ಆಗಿನ ಅಮೆರಿಕ ಹೇಗಿತ್ತೆಂದರೆ ಕರಿಯರಿಗೆ ಬೇರೆ ಶಾಲೆ, ಬೇರೆ ಸೀಟು, ಬೇರೆ ನಲ್ಲಿ. ನಮ್ಮೂರ ಹಿರಿಯರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ, ಹೋಟೆಲಿನ ಹೊರಗಿಟ್ಟ ಬೇರೆ ಲೋಟ ನೋಡಿದವರು ಇನ್ನೂ ಇದ್ದಾರೆ. ಹಾಡೂ ಹಾಗೇ ಬೇರೆ. ಕರಿಯ ಹಾಡುಗಾರನ ಹಾಡು ಚೆನ್ನಾಗಿದ್ದರೆ ಅದನ್ನೇ ಬಿಳಿಯ ಹಾಡುಗಾರನ ಬಾಯಲ್ಲಿ ಮೆದು ಮಾಡಿ ಹಾಡಿಸುತ್ತಿದ್ದರು. ದುಡ್ಡು, ಹೆಸರು ಎರಡೂ ಆ ಕಡೆ. ಲಿಟಲ್ ರಿಚರ್ಡ್ ಹಾಡಿದ್ದನ್ನು ಪ್ಯಾಟ್ ಬೂನ್ ಮತ್ತೆ ಹಾಡಿದ್ದು ಹೀಗೇ. ಫ್ರೀಡ್ ಮೂಲ ಹಾಡುಗಾರರ ರೆಕಾರ್ಡನ್ನೇ ಹಾಕುತ್ತಿದ್ದ. ಇದನ್ನು ಓದುವಾಗ ನಮಗೆ ಆ ಗಾಜಿನ ಕೋಣೆ ನೆನಪಾಯಿತು. ನಮ್ಮ ಸಂತೆಯ ಮಾತು, ಅವರ ಸೋಸಿದ ಕನ್ನಡ.

ತಡರಾತ್ರಿಯ ಕಾರ್ಯಕ್ರಮ. ತನ್ನನ್ನು ‘ಮೂನ್‌ಡಾಗ್’ ಎಂದು ಕರೆದುಕೊಳ್ಳುತ್ತಿದ್ದ. ಹಾಡು ಓಡುವಾಗ ಮೈಕ್ ಬಂದ್ ಮಾಡುತ್ತಿರಲಿಲ್ಲ. ಮುಂದೆ ಒಂದು ದಪ್ಪ ಟೆಲಿಫೋನ್ ಡೈರೆಕ್ಟರಿ ಇಟ್ಟುಕೊಂಡು ತಾಳಕ್ಕೆ ಸರಿಯಾಗಿ ಅದರ ಮೇಲೆ ಕೈಯಿಂದ ಬಡಿಯುತ್ತಿದ್ದ, ನಡುನಡುವೆ ಕೂಗು ಹಾಕುತ್ತಿದ್ದ. ಭಜನೆಯಲ್ಲಿ ತಾಳ ಸಿಗದವನು ತೊಡೆ ಬಡಿದಂತೆ. ಕೇಳುವವರಿಗೆ ಈ ಮನುಷ್ಯ ನಮ್ಮ ಜೊತೆಗೇ ಕುಳಿತು ಕುಣಿಯುತ್ತಿದ್ದಾನೆ ಅನ್ನಿಸುತ್ತಿತ್ತು. ಈ ಸಂಗೀತಕ್ಕೆ ‘ರಾಕ್ ಅಂಡ್ ರೋಲ್’ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿದವನು ಇವನೇ. ಆ ಮಾತು ಇವನಿಗಿಂತ ಮೊದಲೇ ಕರಿಯರ ಹಾಡುಗಳಲ್ಲಿತ್ತು, ಅದನ್ನೂ ಹೇಳಬೇಕು.

1952ರ ಮಾರ್ಚ್ 21. ಕ್ಲೀವ್‌ಲ್ಯಾಂಡ್ ಅರೀನಾ ಎಂಬ ಒಳಾಂಗಣದಲ್ಲಿ ಫ್ರೀಡ್ ಒಂದು ಸಂಗೀತ ರಾತ್ರಿ ಇಟ್ಟ. ಸುಮಾರು 10 ಸಾವಿರ ಜನ ಹಿಡಿಸುವ ಜಾಗಕ್ಕೆ ಅದರ ಎರಡರಷ್ಟು ಜನ ಬಂದರು. ಟಿಕೆಟ್ ಅಚ್ಚು ಹಾಕಿಸುವುದರಲ್ಲೇ ಲೆಕ್ಕ ತಪ್ಪಿತ್ತು. ಬಾಗಿಲು ಮುರಿದವು, ಪೊಲೀಸರು ಬಂದರು, ಒಂದೇ ಹಾಡಿಗೆ ಕಾರ್ಯಕ್ರಮ ನಿಂತಿತು. ಜಾತ್ರೆಯ ನಾಟಕ ಅರ್ಧಕ್ಕೆ ನಿಂತಾಗಿನ ಗದ್ದಲ ನೋಡಿದವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಜಗತ್ತಿನ ಮೊದಲ ರಾಕ್ ಸಂಗೀತ ಕಾರ್ಯಕ್ರಮ ಎಂದು ಇವತ್ತಿಗೂ ಹೇಳುವುದು ಅದನ್ನೇ. ಸಯಾನಿಯ ಗೀತಮಾಲಾ ಶುರುವಾದದ್ದೂ ಅದೇ ವರ್ಷದ ಕೊನೆಗೆ. ಇಬ್ಬರಿಗೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿದ್ದಿರಲಿಕ್ಕಿಲ್ಲ.

1954ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಐಎನ್‌ಎಸ್ ಕೇಂದ್ರಕ್ಕೆ ಹೋದ. ಅಲ್ಲಿ ಮೂನ್‌ಡಾಗ್ ಎಂಬ ಹೆಸರಿನ ಕುರುಡ ಬೀದಿ ಸಂಗೀತಗಾರರೊಬ್ಬರು ಮೊದಲೇ ಇದ್ದರು, ಲೂಯಿಸ್ ಹಾರ್ಡಿನ್. ಅವರು ಕೋರ್ಟಿಗೆ ಹೋಗಿ ಗೆದ್ದರು. ಫ್ರೀಡ್ ಹೆಸರು ಬಿಡಬೇಕಾಯಿತು. ಅದರಿಂದ ನಷ್ಟವೇನೂ ಆಗಲಿಲ್ಲ. ಸಿನಿಮಾಗಳಲ್ಲಿ ತನ್ನದೇ ಪಾತ್ರ ಮಾಡಿದ. 1957ರಲ್ಲಿ ಟಿ.ವಿ. ಕಾರ್ಯಕ್ರಮವೂ ಸಿಕ್ಕಿತು. ಅದರಲ್ಲಿ ಫ್ರಾಂಕಿ ಲೈಮನ್ ಎಂಬ ಕರಿಯ ಹುಡುಗ ಒಬ್ಬ ಬಿಳಿಯ ಹುಡುಗಿಯ ಜೊತೆ ಕುಣಿದ. ದಕ್ಷಿಣದ ರಾಜ್ಯಗಳ ಟಿ.ವಿ. ಕೇಂದ್ರಗಳು ಸಿಟ್ಟಿಗೆದ್ದವು, ಕಾರ್ಯಕ್ರಮವೇ ನಿಂತುಹೋಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪಕ್ಕಾ ಹೀರೊ ಕತೆ. ನಮ್ಮ ನೋಟ್‌ಬುಕ್ಕಿನಲ್ಲೂ ಅರ್ಧ ಪುಟ ಇಷ್ಟೇ ಇತ್ತು. ಉಳಿದರ್ಧ ಪುಟದ ತಲೆಬರಹ ‘ಪೇಯೋಲಾ’.

‘ಪೇ’ ಅಂದರೆ ಕೊಡು. ವಿಕ್ಟ್ರೋಲಾ ಎಂಬುದು ಆಗಿನ ಗ್ರಾಮೊಫೋನಿನ ಹೆಸರು. ಎರಡನ್ನೂ ಜೋಡಿಸಿ ಅಲ್ಲಿನ ಜನ ಮಾಡಿದ ಗೇಲಿಯ ಪದ ಪೇಯೋಲಾ. ರೆಕಾರ್ಡ್ ಕಂಪನಿ ಜಾಕಿಗೆ ದುಡ್ಡು ಕೊಡುತ್ತದೆ, ಜಾಕಿ ಆ ಹಾಡನ್ನು ಮತ್ತೆ ಮತ್ತೆ ಹಾಕುತ್ತಾನೆ. ಕೇಳುವವರು ಇವನಿಗೆ ಈ ಹಾಡು ಇಷ್ಟ ಇರಬೇಕು, ಅದಕ್ಕೇ ಹಾಕುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಅಂಗಡಿಗೆ ಹೋಗಿ ಕೊಳ್ಳುತ್ತಾರೆ. ಕೊಂಡದ್ದರಿಂದ ಹಾಡು ಮೇಲೇರುತ್ತದೆ. ಸಯಾನಿಯ ಕಡೆ ಅಂಗಡಿಯ ಲೆಕ್ಕದ ಪಕ್ಕದಲ್ಲಿ ಶ್ರೋತೃ ಸಂಘಗಳ ಮತ ಇದ್ದದ್ದು ಎಷ್ಟು ದೊಡ್ಡ ವಿಷಯ ಎಂದು ನಮಗೆ ಹೊಳೆದದ್ದು ಇಲ್ಲಿ.

ಫ್ರೀಡ್ ತಗೊಂಡಿದ್ದನೇ? ಹೌದು. ಕವರಿನಲ್ಲಿ ಬಂದದ್ದಷ್ಟೇ ಅಲ್ಲ. ಚಕ್ ಬೆರ್ರಿ ಎಂಬ ಕರಿಯ ಹಾಡುಗಾರನ ‘ಮೇಬಲೀನ್’ 1955ರಲ್ಲಿ ಬಂದಾಗ ಬರೆದವರ ಹೆಸರಿನ ಜಾಗದಲ್ಲಿ ಬೆರ್ರಿಯ ಜೊತೆ ಫ್ರೀಡ್ ಹೆಸರೂ ಇತ್ತು. ಅವನು ಒಂದು ಸಾಲೂ ಬರೆದವನಲ್ಲ. ಹೆಸರಿದ್ದರೆ ಪ್ರತಿ ಮಾರಾಟಕ್ಕೂ ಪಾಲು. ಆ ಹಾಡನ್ನು ಅವನು ಮತ್ತೆ ಮತ್ತೆ ಹಾಕಿದ. ಕರಿಯರ ಹಾಡಿಗೆ ಬಾಗಿಲು ತೆರೆದವನೇ ಕರಿಯನ ಪಾಲಿಗೂ ಕೈಹಾಕಿದ. ಬೆರ್ರಿಗೆ ತನ್ನ ಹಾಡಿನ ಪೂರ್ತಿ ಹಕ್ಕು ವಾಪಸ್ ಸಿಕ್ಕಿದ್ದು 1986ರಲ್ಲಿ. ನಮಗೆ ಈ ಮನುಷ್ಯನ ಮೇಲೆ ಪ್ರೀತಿ ಕಡಿಮೆಯಾದದ್ದು ಇಲ್ಲಿ. 30 ಸಾವಿರ ಡಾಲರಿಗಿಂತ ಹೆಚ್ಚಾಗಿ ಈ ಒಂದು ಹಾಡು.

1959ರಲ್ಲಿ ಅಮೆರಿಕದ ಸಂಸತ್ತು ಮೊದಲು ಟಿ.ವಿ. ಕ್ವಿಜ್ ಮೋಸದ ತನಿಖೆ ಮಾಡಿತು, ಆಮೇಲೆ ರೇಡಿಯೊ ಕಡೆ ತಿರುಗಿತು. ಫ್ರೀಡ್ ಆಗ ಡಬ್ಲ್ಯುಎಬಿಸಿ ಕೇಂದ್ರದಲ್ಲಿದ್ದ. ‘ನಾನು ಎಂದೂ ದುಡ್ಡು ತಗೊಂಡಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕು ಎಂದರು. ಅವನು ಹಾಕಲಿಲ್ಲ. ನವೆಂಬರಿನಲ್ಲಿ ಕೆಲಸದಿಂದ ತೆಗೆದರು. ಡಿಕ್ ಕ್ಲಾರ್ಕ್ ಎಂಬ ಇನ್ನೊಬ್ಬ ದೊಡ್ಡ ಜಾಕಿಗೆ ಹಲವು ಸಂಗೀತ ಕಂಪನಿಗಳಲ್ಲಿ ಪಾಲಿತ್ತು. ಅವನು ಪಾಲು ಮಾರಿದ, ಟೈ ಕಟ್ಟಿಕೊಂಡು ಹೋಗಿ ವಿನಯದಿಂದ ಉತ್ತರ ಕೊಟ್ಟ, ಬಚಾವಾದ, ಮುಂದೆ ದಶಕಗಟ್ಟಲೆ ಟಿ.ವಿ.ಯಲ್ಲಿ ಮೆರೆದ. ಫ್ರೀಡ್ ಬಾಯಿ ಜೋರು ಮಾಡಿದ. ನಮ್ಮಲ್ಲಿ ಇದಕ್ಕೆ ಪೇಯೋಲಾ ಅಂತೀರಿ, ವಾಷಿಂಗ್ಟನ್ನಿನಲ್ಲಿ ಇದಕ್ಕೇ ಲಾಬಿ ಅಂತೀರಿ ಎಂಬ ಧಾಟಿಯಲ್ಲಿ. ಮಾತು ಸುಳ್ಳಲ್ಲ. ಆದರೆ ಸಿಕ್ಕಿಬಿದ್ದವನ ಬಾಯಲ್ಲಿ ನಿಜವೂ ನೆಪದಂತೆ ಕೇಳಿಸುತ್ತದೆ.

ಸುಮಾರು 30 ಸಾವಿರ ಡಾಲರ್ ಪಡೆದ ಆರೋಪ. 1962ರಲ್ಲಿ ಎರಡು ಕಲಮುಗಳಡಿ ತಪ್ಪೊಪ್ಪಿಕೊಂಡ. ದಂಡ 300 ಡಾಲರ್. ದಂಡ ಸಣ್ಣದು, ಆದರೆ ದೊಡ್ಡ ಕೇಂದ್ರಗಳ ಬಾಗಿಲು ಬಂದ್. ಲಾಸ್ ಏಂಜಲೀಸ್, ಮಯಾಮಿ ಎಂದು ಅಲೆದ. ಕುಡಿತ ಹೆಚ್ಚಾಯಿತು. ಆದಾಯ ತೆರಿಗೆಯವರೂ ಕೇಸು ಹಾಕಿದರು. 1965ರ ಜನವರಿ 20ರಂದು ಸತ್ತಾಗ ವಯಸ್ಸು 43.

ಸತ್ತ ಮೇಲೂ ಮುಗಿಯಲಿಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ರಾಕ್ ಸಂಗೀತದ ದೊಡ್ಡ ಮ್ಯೂಸಿಯಂ ಆಯಿತು. ಆ ಊರಿಗೇ ಅದು ಬರಲು ಫ್ರೀಡ್ ಹೆಸರೂ ಒಂದು ಕಾರಣ. 2002ರಲ್ಲಿ ಅವನ ಅಸ್ಥಿಯನ್ನು ಅಲ್ಲಿಗೆ ತಂದಿಟ್ಟರು. 2014ರಲ್ಲಿ ಮ್ಯೂಸಿಯಂನವರು, ದಯವಿಟ್ಟು ಇದನ್ನು ತೆಗೆದುಕೊಂಡು ಹೋಗಿ ಎಂದು ಮನೆಯವರಿಗೆ ಹೇಳಿದರು. ಈಗ ಅದೇ ಊರಿನ ಲೇಕ್ ವ್ಯೂ ಸ್ಮಶಾನದಲ್ಲಿದೆ. ಕಲ್ಲನ್ನು ಜ್ಯೂಕ್‌ಬಾಕ್ಸ್ ಆಕಾರದಲ್ಲಿ ಕೆತ್ತಿಸಿದ್ದಾರೆ, ಕಾಸು ಹಾಕಿದರೆ ಹಾಡು ಬರುವ ಪೆಟ್ಟಿಗೆ. ಆ ಆಕಾರ ಆರಿಸಿದವರಿಗೆ ಅದರ ಇನ್ನೊಂದು ಅರ್ಥ ಹೊಳೆದಿತ್ತೋ ಇಲ್ಲವೋ.

ಇಷ್ಟು ಓದಿ ಲೈಟ್ ಆರಿಸಿ ಮಲಗಿದರೆ ಆ ಬಿಳಿ ಕವರ್ ಕಣ್ಮುಂದೆ. ಅವತ್ತು ನಡೆದದ್ದನ್ನು ಇದ್ದಂತೆ ಹೇಳುತ್ತೇವೆ. ಬೀಜ ಮಾರುವವರೊಬ್ಬರು ಕ್ಷೇತ್ರೋತ್ಸವ ಇಟ್ಟಿದ್ದರು. ಶಾಮಿಯಾನ, ಶಾಲು, ಗೋಧಿ ಹುಗ್ಗಿ. ಹೊಲ ಚೆನ್ನಾಗಿಯೇ ಇತ್ತು, ನೀರಾವರಿ ಹೊಲ. ಅದನ್ನು ನಾವು ಬರೆಯಲಿಲ್ಲ. ಒಣಬೇಸಾಯದಲ್ಲಿ ಹೇಗೆ ಬರುತ್ತದೆ ಎಂದು ಕೇಳಬೇಕೆಂದು ಬಾಯಿಗೆ ಬಂದಿತ್ತು, ಹುಗ್ಗಿ ತಿನ್ನುವಾಗ ಮರೆತೆವು. ಮರೆತೆವೋ, ನುಂಗಿದೆವೋ. ಬೈಕ್ ಹತ್ತುವಾಗ ‘ಪೆಟ್ರೋಲಿಗಾತು ಸರ’ ಎಂದು ಕವರ್ ಕೊಟ್ಟರು. ಬೇಡ ಎಂದು ಒಂದು ಸಲ ಅಂದೆವು. ಎರಡನೇ ಸಲ ಅನ್ನಲಿಲ್ಲ.

ನೆಪ ಹೇಳುವುದಾದರೆ ಬೇಕಾದಷ್ಟಿವೆ. ಸ್ಟ್ರಿಂಗರಿಗೆ ಸಂಬಳವಿಲ್ಲ, ಪ್ರಕಟವಾದ ಸುದ್ದಿಯ ಲೆಕ್ಕದಲ್ಲಿ ಬಿಡಿಗಾಸು. ಯುಗಾದಿ, ಆಗಸ್ಟ್ 15, ದೀಪಾವಳಿ ಬಂದರೆ ಶುಭಾಶಯದ ಜಾಹೀರಾತು ತರಬೇಕು. ತಂದರೆ ಕಮಿಷನ್. ಯಾರ ಬಗ್ಗೆ ಬರೆಯಬೇಕೋ ಅವರ ಬಾಗಿಲಿಗೇ ಜಾಹೀರಾತು ಕೇಳಲು ಹೋಗುವುದು. ಇದೆಲ್ಲ ನಿಜ. ಫ್ರೀಡ್ ಹೇಳಿದ ಲಾಬಿಯ ಮಾತಿನಷ್ಟೇ ನಿಜ.

ಅಮೆರಿಕದಲ್ಲಿ 1960ರಲ್ಲಿ ಪೇಯೋಲಾ ವಿರುದ್ಧ ಕಾನೂನು ಬಂತು. ಅದು ದುಡ್ಡು ತಗೋಬೇಡಿ ಎಂದು ಹೇಳುವುದಿಲ್ಲ ಎಂಬುದು ನಮಗೆ ಈಗ ಓದಿದಾಗಲೇ ತಿಳಿದದ್ದು. ದುಡ್ಡು ತಗೊಂಡು ಹಾಕಿದ್ದರೆ ಹಾಗೆಂದು ಕೇಳುಗರಿಗೆ ಹೇಳಿ, ಅಷ್ಟೇ. ಹೇಳದಿದ್ದರೆ ಅಪರಾಧ. ಸಯಾನಿಯೂ ಪೇಸ್ಟ್ ಕಂಪನಿಯ ದುಡ್ಡಿನಿಂದಲೇ ಕಾರ್ಯಕ್ರಮ ಮಾಡಿದ್ದು. ಆದರೆ ಬಿನಾಕಾ ಎಂಬ ಹೆಸರು ಹಣೆಯ ಮೇಲೇ ಇತ್ತು. ನಮ್ಮ ಕಾಕಾ ಬೇವಿನ ಕಡ್ಡಿಯಲ್ಲೇ ಹಲ್ಲುಜ್ಜುತ್ತ ಹಾಡು ಕೇಳಿದರು, ಮೋಸ ಹೋಗಲಿಲ್ಲ.

ಒಂದು ವಾರ ಬಿಟ್ಟು ಆ ರೈತರ ಊರಿಗೆ ಹೋದೆವು. ಹೊಲದ ಬದುವಿನ ಮೇಲೆ ಕುಳಿತು ಕವರಿನ ವಿಷಯ ಹೇಳಿದೆವು. ಅವರು ಸುಮ್ಮನೆ ಒಣ ತೆನೆಯೊಂದನ್ನು ಉಜ್ಜುತ್ತ ಕುಳಿತರು. ಜೊಳ್ಳು ಗಾಳಿಗೆ ಹಾರಿತು. ಆಮೇಲೆ ‘ಐನೂರೇನ್ರಿ?’ ಎಂದರು. ಬೆರಗಿನಿಂದ ಕೇಳಿದರೋ ತಾತ್ಸಾರದಿಂದ ಕೇಳಿದರೋ ತಿಳಿಯಲಿಲ್ಲ.

ಬೀಜದ ಬಿಲ್ಲು ಇದೆಯೇ ಎಂದು ಕೇಳಿದೆವು. ಚೀಟಿ ಎಲ್ಲೋ ಹೋಗಿತ್ತು. ಪೊಟ್ಟಣ ಮಾತ್ರ ದನದ ಕೊಟ್ಟಿಗೆಯ ಗಳುವಿಗೆ ಸಿಕ್ಕಿಸಿದ್ದು ಸಿಕ್ಕಿತು, ಅದರ ಮೇಲೆ ಲಾಟ್ ನಂಬರ್ ಇತ್ತು. ಇಬ್ಬರೂ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅರ್ಜಿ ಕೊಟ್ಟು ಬಂದೆವು. ಓದುತ್ತಿರುವ ನೀವೂ ಬೀಜ ತಂದರೆ ಬಿಲ್ಲು, ಪೊಟ್ಟಣ, ಒಂದು ಹಿಡಿ ಬೀಜ ಇವಿಷ್ಟನ್ನು ಬೆಳೆ ಮನೆಗೆ ಬರುವವರೆಗೆ ತೆಗೆದಿಡಿ. ಬೀಜ ಕೈಕೊಟ್ಟರೆ ರೈತ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೆಂದು 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಅಲ್ಲಿ ಕಾಗದ ಕೇಳುತ್ತಾರೆ.

ಜೊಳ್ಳಿನ ಸುದ್ದಿಯನ್ನು ಪೇಪರಿಗೆ ಕಳಿಸಿದೆವು. ಬರಲಿಲ್ಲ. ಮತ್ತೆ ಕಳಿಸಿದೆವು. ಬರಲಿಲ್ಲ. ಆಗ ಶುರುವಾದದ್ದು ಫೋನಿನ ಧ್ವನಿ ಸಂದೇಶ. ದಿನಾ ಸಂಜೆ ಏಳಕ್ಕೆ ಮೂರು ನಿಮಿಷ. ಕುಷ್ಟಗಿ ಎಪಿಎಂಸಿ ದರ, ನಾಳೆ ಕರೆಂಟ್ ಹೋಗುವ ಹೊತ್ತು, ನಿಂತುಹೋದ ಬಸ್ಸು, ಕಳೆದುಹೋದ ಎಮ್ಮೆ. ಮನೆಯಲ್ಲಿ ಮಕ್ಕಳ ಗದ್ದಲ, ಅದಕ್ಕೆ ಕಾಕಾನ ಮಗ್ಗದ ಕೋಣೆಯಲ್ಲಿ ಕಂಬಳಿ ಹೊದ್ದು ರೆಕಾರ್ಡ್ ಮಾಡುತ್ತೇವೆ. ಭಾಷೆ ಸಂತೆಯದೇ. ಮೊದಲ ದಿನದ ಸಂದೇಶದಲ್ಲಿ ಸೂರ್ಯಕಾಂತಿಯ ಸುದ್ದಿ ಹೇಳಿದೆವು, ಹಳೆಯ ಸುದ್ದಿ ಬರೆದವರು ನಾವೇ ಎಂಬುದನ್ನೂ, ಕವರ್ ತಗೊಂಡದ್ದನ್ನೂ. ಮರುದಿನ ಪೇಟೆಯಲ್ಲಿ ಇಬ್ಬರು ಪತ್ರಕರ್ತ ಗೆಳೆಯರು ಮಾತು ಬಿಟ್ಟರು. ಹರಿಶ್ಚಂದ್ರ ಬಂದ ಎಂದು ಒಬ್ಬರು ನಕ್ಕರು. ಆ ನಗುವಿಗೂ ಅರ್ಥವಿತ್ತು, 500ನ್ನು ನಾವು ವಾಪಸ್ ಕೊಟ್ಟಿರಲಿಲ್ಲ. ಈಗಲೂ ಕೊಟ್ಟಿಲ್ಲ, ಅವತ್ತೇ ಪೆಟ್ರೋಲಿಗೆ ಹೋಗಿತ್ತು.

ಕೇಳುವವರು ಹೆಚ್ಚಾದಂತೆ ಜಾಹೀರಾತಿನವರೂ ಬಂದರು. ಬೋರ್‌ವೆಲ್ ಲಾರಿಯವರೊಬ್ಬರು ತಿಂಗಳಿಗೆ 2 ಸಾವಿರ ಕೊಡುತ್ತೇವೆ, ಸುದ್ದಿಯ ನಡುವೆ ನಮ್ಮ ಪಾಯಿಂಟ್‌ಗೆ ನೀರು ಬಿತ್ತು ಎಂದು ಸಹಜವಾಗಿ ಹೇಳಿಬಿಡಿ ಎಂದರು. ಹೇಳುತ್ತೇವೆ, ಆದರೆ ಇದು ದುಡ್ಡು ಕೊಟ್ಟು ಹೇಳಿಸಿದ್ದು ಎಂದೂ ಹೇಳುತ್ತೇವೆ ಎಂದೆವು. ‘ಹಂಗಂದ್ರ ಯಾರ್ ನಂಬ್ತಾರ್ರಿ?’ ಎಂದು ಎದ್ದು ಹೋದರು. 2 ಸಾವಿರ ನಮ್ಮ ಮನೆಗೆ ಸಣ್ಣ ದುಡ್ಡಲ್ಲ. ಹೆಂಡತಿ ಆ ರಾತ್ರಿ ಏನೂ ಅನ್ನಲಿಲ್ಲ, ಸಾರಿಗೆ ಉಪ್ಪು ಮಾತ್ರ ಜಾಸ್ತಿ ಬಿದ್ದಿತ್ತು.

ಹಿಟ್ಟಿನ ಗಿರಣಿಯ ಅಕ್ಕ ಒಬ್ಬರೇ ಒಪ್ಪಿದ್ದು. ‘ಹೇಳ್ರಿ, ಅದರಾಗ ಮುಚ್ಚಿಡೂದೇನೈತಿ? ನೂರು ರೂಪಾಯಿ ಕೊಟ್ಟಾಳ ಅಂತನ ಹೇಳ್ರಿ’ ಎಂದರು. ಪ್ರತಿ ಸೋಮವಾರ ಹಾಗೇ ಹೇಳುತ್ತೇವೆ, ಇದು ಗಿರಣಿ ಅಕ್ಕ ನೂರು ರೂಪಾಯಿ ಕೊಟ್ಟು ಹೇಳಿಸಿದ್ದು, ಜೋಳ ಸಣ್ಣಗೆ ಬೀಸಿಕೊಡುತ್ತಾರೆ ಎಂದು. ಕೇಳಿದವರು ನಗುತ್ತಾರೆ. ಕೆಲವರು ಜೋಳ ತಗೊಂಡು ಹೋಗುತ್ತಾರಂತೆ.

ಆ ರೈತರ ನಂಬರನ್ನೂ ಪಟ್ಟಿಗೆ ಸೇರಿಸಿದ್ದೇವೆ. ಈ ಹಿಂಗಾರಿಗೆ ಅವರು ಕಡಲೆ ಬಿತ್ತಿದ್ದಾರೆಂದು ಬೇರೆಯವರಿಂದ ತಿಳಿಯಿತು. ದಿನಾ ಸಂಜೆ ಸಂದೇಶ ಹೋದ ಹತ್ತು ನಿಮಿಷಕ್ಕೆ ಅವರ ಹೆಸರಿನ ಮುಂದೆ ಎರಡು ನೀಲಿ ಗೆರೆ ಬೀಳುತ್ತವೆ. ಇವತ್ತಿನವರೆಗೆ ಉತ್ತರ ಬಂದಿಲ್ಲ.